ಚಿಕ್ಕಪ್ಪ ತಂದ ಎರಡು ನೀಲಿ ಹರಳು: ಅಕ್ವಾಮರೀನ್ ಹೌದೋ ಅಲ್ವೋ?

ಅಡಿಕೆಮನೆ ಸೊಸೆ · ಜುಲೈ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಒಂದು ಹರಳಿನ ದೆಸೆಯಿಂದ ನಮ್ಮ ಮನೆಯ ಅಡುಗೆಮನೆಯಲ್ಲಿ ಮೂರು ದಿನದಿಂದ ಮಾತೇ ಕಡಿಮೆಯಾಗಿದೆ. ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ.

ನಮ್ಮವರ ಚಿಕ್ಕಪ್ಪ ಹಡಗಿನಲ್ಲಿ ಕೆಲಸಕ್ಕಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಿಂದ ಹಡಗಿಗೆ ಹೋದವರು ಆಗ ಅವರೊಬ್ಬರೇ ಇರಬೇಕು. 1986ರಲ್ಲಿ ಬ್ರೆಜಿಲ್‌ನ ಸಾಂತೋಸ್ ಬಂದರಿನಲ್ಲಿ ಎರಡು ನೀಲಿ ಹರಳು ಕೊಂಡು ತಂದರು. ಇಬ್ಬರು ಅತ್ತಿಗೆಯರಿಗೂ ಒಂದೊಂದು ಕೊಟ್ಟು, "ಇದು ಅಕ್ವಾಮರೀನ್, ಸಮುದ್ರದ ಹರಳು" ಎಂದರಂತೆ. ನಮ್ಮ ಅತ್ತೆ ಮರುವರ್ಷವೇ ಉಂಗುರ ಮಾಡಿಸಿಕೊಂಡರು. ಅವರ ಓರಗಿತ್ತಿ, ನಾವು ದೊಡ್ಡತ್ತೆ ಅನ್ನುತ್ತೇವೆ, ತಮ್ಮದನ್ನು ಕುಂಕುಮದ ಡಬ್ಬಿಯಲ್ಲಿ ಹಾಗೇ ಇಟ್ಟುಕೊಂಡಿದ್ದಾರೆ.

ಈಗ ಅತ್ತೆಯ ಉಂಗುರದ ಹರಳು ಮಬ್ಬಾಗಿದೆ. ಒಳಗೆ ಒಂದು ಕಡೆ ಕಪ್ಪು ಮೋಡ ಕವಿದ ಹಾಗೆ ಕಾಣುತ್ತದೆ. ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಎರಡನ್ನೂ ಒಂದು ಅಂಗಡಿಯಲ್ಲಿ ತೋರಿಸಿದೆವು. ಕೌಂಟರಿನಲ್ಲಿದ್ದ ಹುಡುಗ ಎರಡೇ ನಿಮಿಷ ನೋಡಿ, ದೊಡ್ಡತ್ತೆಯದು "ಫಸ್ಟ್ ಕ್ಲಾಸ್, ಎಷ್ಟು ಗಾಢ ನೀಲಿ ನೋಡಿ", ಉಂಗುರದ್ದು "ಗಾಜು ಇರಬೇಕು" ಎಂದುಬಿಟ್ಟ. ದೊಡ್ಡತ್ತೆ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಅದೇ ತಪ್ಪಾಯಿತು.

ಫೋಟೋ ಹಾಕಿದ್ದೇನೆ. ನೋಡಿ ಹೇಳುತ್ತೀರಾ?

ಭದ್ರಾವತಿ ಹುಡುಗ · ಜುಲೈ 6, ರಾತ್ರಿ 10:15

ಅಕ್ಕಾ, ಫೋಟೋ ನೋಡಿ ಹೇಳುವುದು ಆಗದ ಮಾತು. ನನ್ನ ಕಥೆ ಕೇಳಿ. ಚಿಕ್ಕವನಿದ್ದಾಗ ನನಗೆ ಒಂದು ನೀಲಿ ಕಲ್ಲು ಸಿಕ್ಕಿತ್ತು. ಆಕಾಶದ ಬಣ್ಣ, ಒಡೆದ ಕಡೆ ಕನ್ನಡಿ ಹಾಗೆ ಹೊಳಪು. ಹತ್ತು ವರ್ಷ ಪೆನ್ಸಿಲ್ ಡಬ್ಬಿಯಲ್ಲಿ ಕಾಪಾಡಿದೆ. ಕಾಲೇಜಿನಲ್ಲಿ ಮೇಷ್ಟ್ರಿಗೆ ತೋರಿಸಿದರೆ, "ಇದು ಕಬ್ಬಿಣದ ಕಿಟ್ಟ ಕಣಯ್ಯಾ" ಎಂದರು. ಕುಲುಮೆಯಲ್ಲಿ ಅದಿರು ಕರಗಿದಾಗ ಮೇಲೆ ತೇಲುವ ಕಸ ತಣ್ಣಗಾದರೆ ಹೀಗೆ ನೀಲಿ ಗಾಜೂ ಆಗುತ್ತದಂತೆ. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ರತ್ನ ಎಲ್ಲಿಂದ ಬರಬೇಕು!

ಸಾಣೆ ಆಚಾರ್ · ಜುಲೈ 7, ಬೆಳಗ್ಗೆ 6:20

ತಂಗೀ, ಮೊದಲು ಒಂದು ನೋಡಿ ಹೇಳು. ಉಂಗುರ ಮಗುಚಿದರೆ ಹರಳಿನ ಹಿಂಭಾಗ ಕಾಣುತ್ತದೋ, ಚಿನ್ನದ ತಗಡಿನಿಂದ ಮುಚ್ಚಿದೆಯೋ?

ಆ ಕಾಲದಲ್ಲಿ ನಾವೆಲ್ಲ ಮುಚ್ಚಿದ ಕಟ್ಟಡವೇ ಜಾಸ್ತಿ ಮಾಡುತ್ತಿದ್ದೆವು. ಬಣ್ಣ ಕಡಿಮೆ ಇರುವ ಹರಳಿಗೆ ಅಡಿಯಲ್ಲಿ ಬಣ್ಣದ ತಗಡು ಇಟ್ಟು ಕೂರಿಸುವುದು ಪದ್ಧತಿ. ಮೋಸ ಅಂತಲ್ಲ, ಗಿರಾಕಿಗೂ ಗೊತ್ತಿರುತ್ತಿತ್ತು. ಆದರೆ ವರ್ಷಗಟ್ಟಲೆ ಸೋಪಿನ ನೀರು, ಬೆವರು ಸಂದಿಯಿಂದ ಇಳಿದು ಆ ತಗಡು ಕಪ್ಪಾಗುತ್ತದೆ. ಮೇಲಿಂದ ನೋಡಿದವರಿಗೆ ಹರಳೇ ಕೆಟ್ಟ ಹಾಗೆ ಕಾಣುತ್ತದೆ. ನೀನು ಹೇಳುವ ಕಪ್ಪು ಮೋಡ ಅದೇ ಇರಬೇಕು ಅಂತ ನನ್ನ ಗುಮಾನಿ. ಗಾಜೋ ಅಲ್ಲವೋ ಅಂತ ಹರಳು ಬಿಚ್ಚದೆ ಹೇಳುವ ಧೈರ್ಯ ನನಗಂತೂ ಇಲ್ಲ. ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಎರಡು ನಿಮಿಷದಲ್ಲಿ ಹೇಳುವವರನ್ನು ಕಂಡರೆ ಭಯವಾಗುತ್ತದೆ.

ಅಲ್ಲಿಯವರೆಗೆ ಅದನ್ನು ನೀರಿಗೆ ಹಾಕಬೇಡ. ಅಂಟುವಾಳದ ನೀರೂ ಬೇಡ.

ಅಡಿಕೆಮನೆ ಸೊಸೆ · ಜುಲೈ 7, ಮಧ್ಯಾಹ್ನ 1:05

ಆಚಾರ್ರೇ, ಹಿಂಭಾಗ ಪೂರ್ತಿ ಮುಚ್ಚಿದೆ! ಅತ್ತೆ ಇದನ್ನು ಕೈಯಿಂದ ತೆಗೆದದ್ದೇ ನಾನು ನೋಡಿಲ್ಲ. ಪಾತ್ರೆ ತೊಳೆಯುವಾಗ, ಸುಗ್ಗಿಯಲ್ಲಿ ಅಡಿಕೆ ಸುಲಿಯುವಾಗ, ಚೊಗರಿನ ಹಂಡೆಯ ಹತ್ತಿರ, ಎಲ್ಲ ಕಡೆ ಅದು ಇತ್ತು. ಕೊಳೆ ರೋಗಕ್ಕೆ ಔಷಧಿ ಹೊಡೆಸುವಾಗ ಮೈಲುತುತ್ತ ಕಲಸಿದ್ದೂ ಅದೇ ಕೈಯಲ್ಲಿ.

ಬೆಣಚುಕಲ್ಲು · ಜುಲೈ 7, ಸಂಜೆ 4:30

ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಕಲ್ಲು ನನ್ನ ಹಳೇ ಹುಚ್ಚು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಸರವಾದರೆ ಹಾರಿಸಿ ಓದಿ.

ಅಕ್ವಾಮರೀನ್ ಅಂದರೆ ಬೆರಿಲ್ ಎಂಬ ಖನಿಜದ ನೀಲಿ ರೂಪ. ಬೆರಿಲಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದದ್ದು. ಶುದ್ಧ ಬೆರಿಲ್‌ಗೆ ಬಣ್ಣವೇ ಇಲ್ಲ. ಅದರೊಳಗೆ ಒಂದಿಷ್ಟು ಕಬ್ಬಿಣ ಸೇರಿದರೆ ನೀಲಿ ಅಕ್ವಾಮರೀನ್. ಕ್ರೋಮಿಯಂ ಅಥವಾ ವನೇಡಿಯಂ ಸೇರಿದರೆ ಹಸಿರು, ಅದೇ ನಮ್ಮ ಪಚ್ಚೆ. ಮ್ಯಾಂಗನೀಸ್ ಸೇರಿದರೆ ಗುಲಾಬಿ ಬಣ್ಣದ ಮೋರ್ಗನೈಟ್. ಅಂದರೆ ಪಚ್ಚೆ, ಅಕ್ವಾಮರೀನ್ ಎರಡೂ ಒಂದೇ ತಾಯಿಯ ಮಕ್ಕಳು. ಸ್ವಭಾವ ಮಾತ್ರ ಬೇರೆ. ಪಚ್ಚೆಯಲ್ಲಿ ಬಿರುಕು, ಎಳೆ ಇಲ್ಲದ ಕಲ್ಲು ಸಿಗುವುದೇ ಅಪರೂಪ. ಅಕ್ವಾಮರೀನ್ ದೊಡ್ಡ ಗಾತ್ರದಲ್ಲೂ ತಿಳಿನೀರಿನ ಹಾಗೆ ಸಿಗುತ್ತದೆ. 1910ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ 110 ಕಿಲೋ ತೂಕದ ಹರಳು ಸಿಕ್ಕಿತ್ತು. ಒಂದೇ ಹರಳು, ಎರಡು ಅಕ್ಕಿ ಮೂಟೆಗಿಂತ ಭಾರ!

ಗಟ್ಟಿತನ ಮೋಸ್ ಮಾಪನದಲ್ಲಿ 7.5ರಿಂದ 8. ಬೆಣಚುಕಲ್ಲು 7. ಧೂಳು, ಮರಳಿನಲ್ಲಿ ಇರುವುದು ಬಹುಪಾಲು ಬೆಣಚೇ ಆದ್ದರಿಂದ ಅಷ್ಟಕ್ಕೆಲ್ಲ ಇದು ಸುಲಭವಾಗಿ ಗೀಚಿಹೋಗುವುದಿಲ್ಲ. ಗಾಜು ಹಾಗಲ್ಲ. 40 ವರ್ಷ ಪಾತ್ರೆ ಉಜ್ಜಿದ ಕೈಯಲ್ಲಿದ್ದ ಗಾಜಿನ ಅಂಚುಗಳು ಸವೆದು ದುಂಡಗಾಗಿರಬೇಕಿತ್ತು. ಸೊಸೆಯಮ್ಮಾ, ಒಂದು ಭೂತಗನ್ನಡಿ ತಗೊಂಡು ಉಂಗುರದ ಹರಳಿನ ಅಂಚು ನೋಡಿ. ಚೂಪಾಗಿದ್ದರೆ ಅಂಗಡಿ ಹುಡುಗನ ಮಾತು ಅನುಮಾನ.

ಇನ್ನು ಬಣ್ಣ. ಜನ ತಪ್ಪುವುದು ಇಲ್ಲೇ. ಅಕ್ವಾಮರೀನ್ ಸಹಜವಾಗಿ ತಿಳಿ ಬಣ್ಣದ್ದು. ಹಸಿರು ಮಿಶ್ರಿತ ತೆಳು ನೀಲಿ. ಸಣ್ಣ ಹರಳಾದರೆ ಇನ್ನೂ ತೆಳು. ಗಾಢ ನೀಲಿ ಇದೆ, ಆದರೆ ಅಪರೂಪ, ದುಬಾರಿ. ಗಾಢ ನೀಲಿಯದು ಅಗ್ಗಕ್ಕೆ ಸಿಕ್ಕಿದರೆ ಅದು ನೀಲಿ ಟೋಪಾಜ್ ಎಂಬ ಬೇರೆಯೇ ಹರಳು ಆಗಿರುವ ಸಂಭವ ಜಾಸ್ತಿ. ಬಣ್ಣವಿಲ್ಲದ ಟೋಪಾಜ್‌ಗೆ ವಿಕಿರಣ ಹಾಯಿಸಿ, ಆಮೇಲೆ ಕಾಯಿಸಿ ನೀಲಿ ಮಾಡುತ್ತಾರೆ. 1980ರ ದಶಕಕ್ಕಾಗಲೇ ಮಾರುಕಟ್ಟೆಯಲ್ಲಿ ಅದು ಬೇಕಾದಷ್ಟಿತ್ತು.

ದೊಡ್ಡತ್ತೆಯವರ ಹರಳು ಬಿಡಿಯಾಗಿದೆ ಅಲ್ವಾ? ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಲ್ಲಿಗೆ ಏನೂ ಆಗುವುದಿಲ್ಲ. ಬೇಕಾದರೆ ವಿಧಾನ ಬರೆಯುತ್ತೇನೆ.

ಪಂಚಾಂಗಪ್ರಿಯ · ಜುಲೈ 7, ಸಂಜೆ 6:10

ಪರೀಕ್ಷೆ ಎಲ್ಲ ಸರಿ. ಆದರೆ ಈ ಹರಳನ್ನು ಯಾರು ಬೇಕಾದರೂ ಹಾಕಿಕೊಳ್ಳುವುದಲ್ಲ ಮಾರಾಯ್ರೇ. ಇದು ನೀಲದ ಉಪರತ್ನ. ಶನಿಗೆ ಸಂಬಂಧಪಟ್ಟದ್ದು. ಅತ್ತೆಯವರ ಜಾತಕ ನೋಡಿಸಿದ್ದೀರಾ? ಮನೆಯಲ್ಲಿ ಮಾತು ನಿಂತಿದೆ ಅಂತ ಬೇರೆ ಹೇಳುತ್ತೀರಿ.

ತುಂಗಾತೀರ · ಜುಲೈ 7, ಸಂಜೆ 6:32

ಮಾತು ನಿಂತಿದ್ದು ಶನಿಯಿಂದಲ್ಲ, ಕೌಂಟರಿನ ಹುಡುಗನಿಂದ.

ನಮ್ಮ ಪುರೋಹಿತರು ಇದನ್ನೇ ಪಚ್ಚೆಯ ಬದಲು, ಬುಧನಿಗೆ ಅಂತ ಹಾಕಿಸಿದ್ದರು. ಈಗ ನೀವು ಶನಿ ಅನ್ನುತ್ತೀರಿ. ಯಾವುದು ಸರಿ?

ಬೆಣಚುಕಲ್ಲು · ಜುಲೈ 7, ರಾತ್ರಿ 8:00

ನವರತ್ನದ ಪಟ್ಟಿ ತೆಗೆದು ನೋಡಿ. ಮಾಣಿಕ್ಯ, ಮುತ್ತು, ಹವಳ, ಪಚ್ಚೆ, ಪುಷ್ಯರಾಗ, ವಜ್ರ, ನೀಲ, ಗೋಮೇಧಿಕ, ವೈಡೂರ್ಯ. ಅಕ್ವಾಮರೀನ್ ಅಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಬಣ್ಣ ನೋಡಿದವರು ಶನಿಗೆ ಕೊಟ್ಟರು, ಜಾತಿ ನೋಡಿದವರು ಬುಧನಿಗೆ ಕೊಟ್ಟರು. ನಂಬಿಕೆ ಅವರವರದು, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಖನಿಜದ ಲೆಕ್ಕದಲ್ಲಿ ಮಾತ್ರ ಇದು ಪಚ್ಚೆಯ ಮನೆಯದು.

ಒಂದು ಸ್ವಾರಸ್ಯ ಹೇಳದೆ ಇರಲಾರೆ. 'ವೈಡೂರ್ಯ' ಅಂದರೆ ಈಗ ನಾವು ಬೆಕ್ಕಿನ ಕಣ್ಣಿನ ಹರಳು ಅನ್ನುತ್ತೇವೆ. ಹಿಂದೆ ಆ ಹೆಸರು ಬೆರಿಲ್‌ಗೂ ಇತ್ತು ಅನ್ನುತ್ತಾರೆ ಭಾಷೆ ಬಲ್ಲವರು. ಪಾಲಿಯಲ್ಲಿ 'ವೇಳುರಿಯ'. ಅದೇ ಗ್ರೀಕರ ಬಾಯಲ್ಲಿ 'ಬೆರಿಲ್ಲೋಸ್' ಆಗಿ, ಕೊನೆಗೆ 'ಬೆರಿಲ್' ಆಯಿತು. 1798ರಲ್ಲಿ ವೋಕ್ಲೆಂ ಎಂಬ ಫ್ರೆಂಚ್ ವಿಜ್ಞಾನಿ ಇದೇ ಕಲ್ಲಿನಲ್ಲಿ ಹೊಸ ಧಾತು ಕಂಡುಹಿಡಿದ. ಅದರ ಹೆಸರು ಬೆರಿಲಿಯಂ. ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕೆ 'ಬ್ರಿಲ್ಲೆ' ಅನ್ನುವುದೂ ಇದೇ ಬೇರಿನಿಂದ. ನಮ್ಮ ದಕ್ಷಿಣದ ಒಂದು ಹೆಸರು ಎಲ್ಲೆಲ್ಲಿ ಸುತ್ತಾಡಿ ಬಂದಿದೆ ನೋಡಿ.

ಕಲ್ಲೂ ಹಾಗೇ ಸುತ್ತಾಡಿದೆ. ತಮಿಳುನಾಡಿನ ಕಾಂಗೇಯಂ ಹತ್ತಿರದ ಪಡಿಯೂರಿನಲ್ಲಿ ಬೆರಿಲ್ ಗಣಿ ಇತ್ತು. ನೊಯ್ಯಲ್ ನದಿ ದಂಡೆಯ ಕೊಡುಮಣಲ್‌ನಲ್ಲಿ ಅಗೆದಾಗ ಹರಳಿನ ಮಣಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ರೋಮಿನವರು ಅಲ್ಲಿಂದ ಕೊಳ್ಳುತ್ತಿದ್ದರು. ರೋಮಿನ ಪ್ಲಿನಿ ಎರಡು ಸಾವಿರ ವರ್ಷದ ಹಿಂದೆ ಬರೆದಿದ್ದಾನೆ: ತಿಳಿ ಸಮುದ್ರದ ಹಸಿರು ಹೋಲುವ ಬೆರಿಲ್ ಎಲ್ಲಕ್ಕಿಂತ ಮೇಲು, ಇಂಡಿಯಾದವರು ಇದಕ್ಕೆ ತೂತು ಕೊರೆದು ಆನೆಯ ಕೂದಲಿನಲ್ಲಿ ಪೋಣಿಸುತ್ತಾರೆ ಅಂತ. ಇನ್ನೂ ಒಂದು ಬರೆದಿದ್ದಾನೆ. ಇಂಡಿಯಾದವರು ಸ್ಫಟಿಕಕ್ಕೆ ಬಣ್ಣ ಹಾಕಿ ನಕಲಿ ಬೆರಿಲ್ ಮಾಡುವುದರಲ್ಲಿ ಗಟ್ಟಿಗರಂತೆ!

ಭದ್ರಾವತಿ ಹುಡುಗ · ಜುಲೈ 7, ರಾತ್ರಿ 8:14

ಅಂದರೆ ನಕಲಿ ಮಾಲಿಗೂ ಎರಡು ಸಾವಿರ ವರ್ಷದ ಪರಂಪರೆ. ಎದೆ ಉಬ್ಬಿತು.

ಆಗುಂಬೆ ಮಳೆ · ಜುಲೈ 7, ರಾತ್ರಿ 9:25

ಲ್ಯಾಟಿನ್‌ನಲ್ಲಿ ಅಕ್ವಾ ಅಂದರೆ ನೀರು, ಮರೀನಾ ಅಂದರೆ ಸಮುದ್ರದ್ದು. ಯುರೋಪಿನ ನಾವಿಕರು ಇದನ್ನು ಜೊತೆಗಿಟ್ಟುಕೊಂಡರೆ ಬಿರುಗಾಳಿಯಿಂದ ಪಾರಾಗುತ್ತೇವೆ ಅಂತ ನಂಬಿದ್ದರು. ನಿಮ್ಮ ಚಿಕ್ಕಪ್ಪ ಬಂದರಿನಲ್ಲಿ ಆ ಕಥೆ ಕೇಳಿಯೇ ಕೊಂಡಿರಬೇಕು. ಬ್ರೆಜಿಲ್‌ನವರಿಗೂ ಇದರ ಮೇಲೆ ಭಾರೀ ಅಭಿಮಾನ. 1953ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಅವರು ಉಡುಗೊರೆ ಕೊಟ್ಟದ್ದು ಇದರದೇ ಸರ ಮತ್ತು ಓಲೆ. ಅಲ್ಲಿಯದೇ 10,363 ಕ್ಯಾರೆಟ್ಟಿನ ಸಾಣೆ ಹಿಡಿದ ಹರಳೊಂದು, ಹೆಸರು ಡೊಮ್ ಪೆಡ್ರೊ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. 35 ಸೆಂಟಿಮೀಟರ್ ಎತ್ತರ. ಹಾಕಿಕೊಳ್ಳಲು ಆನೆಯೇ ಬೇಕು.

ನನಗೊಂದು ತಕರಾರಿದೆ. ಸಮುದ್ರದ ಬಣ್ಣ ಅನ್ನುತ್ತಾರಲ್ಲ, ಯಾವ ಸಮುದ್ರ? ಚಳಿಗಾಲದ ತಿಳಿ ಸಂಜೆ ನಮ್ಮ ಘಾಟಿಯ ತುದಿಯಿಂದ ದೂರದಲ್ಲಿ ಕಾಣುವ ಗೆರೆ ಬೂದಿ ಬಣ್ಣದ್ದು. ಜುಲೈನಲ್ಲಿ ಮಲ್ಪೆಗೆ ಹೋದರೆ ಕಡಲು ಚಹಾ ಬಣ್ಣಕ್ಕಿರುತ್ತದೆ.

ಅಡಿಕೆಮನೆ ಸೊಸೆ · ಜುಲೈ 8, ಬೆಳಗ್ಗೆ 11:00

ಮೇಷ್ಟ್ರೇ, ಅಂಚು ನೋಡಿದೆ. ಚೂಪಾಗಿಯೇ ಇದೆ! ಅತ್ತೆಗೆ ಹೇಳಿದೆ, ಮುಖ ಸ್ವಲ್ಪ ಸಡಿಲವಾಯಿತು. ದೊಡ್ಡತ್ತೆ ತಮ್ಮ ಹರಳನ್ನೂ ಪರೀಕ್ಷೆ ಮಾಡು ಅಂತ ಅವರಾಗಿಯೇ ಡಬ್ಬಿ ತಂದುಕೊಟ್ಟರು. ವಿಧಾನ ಹೇಳಿ.

ಬೆಣಚುಕಲ್ಲು · ಜುಲೈ 8, ಮಧ್ಯಾಹ್ನ 3:20

0.01 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ಹರಳನ್ನು ಒಣಗಿದ್ದಾಗ ತೂಗಿ ಬರೆದಿಡಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿಕೊಳ್ಳಿ. ಹರಳನ್ನು ತೆಳು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ಆದರೆ ತಳ, ಬದಿ ಎರಡೂ ತಾಗಬಾರದು. ದಾರ ಕೈಯಲ್ಲೇ ಇರಲಿ. ಈಗ ತಕ್ಕಡಿ ತೋರಿಸುವುದು ಹರಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. ಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಗುಳ್ಳೆ ಕೂರುವುದಿಲ್ಲ.

ಉತ್ತರ 2.7ರ ಆಸುಪಾಸು ಬಂದರೆ ಬೆರಿಲ್ ಇರಬಹುದು. 3.5 ದಾಟಿದರೆ ಟೋಪಾಜ್ ಕಡೆ. ಬೆಣಚು, ಅಂದರೆ ಸ್ಫಟಿಕ, 2.65. ಬೆರಿಲ್‌ಗೆ ತೀರಾ ಹತ್ತಿರ, ಆದ್ದರಿಂದ ಮೂರು ನಾಲ್ಕು ಸಲ ತೂಗಿ ಸರಾಸರಿ ತೆಗೆಯಿರಿ. ಗಾಜಿನದು ಹೇಗೆ ಬೇಕಾದರೂ ಬರಬಹುದು, ಅದನ್ನು ನಂಬಬೇಡಿ.

ಅಡಿಕೆಮನೆ ಸೊಸೆ · ಜುಲೈ 10, ರಾತ್ರಿ 8:45

ತಕ್ಕಡಿ ಪಕ್ಕದ ಮನೆಯ ಹುಡುಗಿಯ ಹತ್ತಿರ ಸಿಕ್ಕಿತು, ಅವಳು ಕೇಕ್ ಮಾಡುತ್ತಾಳೆ.

ದೊಡ್ಡತ್ತೆಯ ಹರಳು 1.64 ಗ್ರಾಂ. ನೀರಿನಲ್ಲಿ ಒಮ್ಮೆ 0.46, ಒಮ್ಮೆ 0.47, ಮತ್ತೆ 0.46. ಸರಾಸರಿ ತೆಗೆದು ಭಾಗಿಸಿದರೆ 3.5ರ ಮೇಲೆಯೇ ಬರುತ್ತದೆ. ನನ್ನ ಕೈ ನಡುಗುತ್ತಿತ್ತು. ಇಬ್ಬರೂ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಎಷ್ಟು ಬಂತು?" ಅಂದರು. "ಇನ್ನೊಂದು ಸಲ ನೋಡಬೇಕು" ಅಂತ ತಪ್ಪಿಸಿಕೊಂಡೆ.

ತುಂಗಾತೀರ · ಜುಲೈ 10, ರಾತ್ರಿ 8:58

ಅಯ್ಯೋ. ಗಾಢ ನೀಲಿಯ ಫಸ್ಟ್ ಕ್ಲಾಸ್ ಹರಳೇ ಟೋಪಾಜ್.

ಬೆಣಚುಕಲ್ಲು · ಜುಲೈ 10, ರಾತ್ರಿ 9:30

ಅವಸರ ಬೇಡ. ಕೃತಕ ಸ್ಪಿನೆಲ್ ಅಂತ ಒಂದಿದೆ. ಕಾರ್ಖಾನೆಯಲ್ಲಿ ಮಾಡಿದ್ದು. ಅದರದು 3.64, ನಿಮ್ಮ ಲೆಕ್ಕಕ್ಕೆ ಹತ್ತಿರ. ಎರಡನ್ನೂ ಬೇರೆ ಮಾಡಲು ಒಂದು ಸುಲಭ ಉಪಾಯ. ಲ್ಯಾಪ್‌ಟಾಪ್ ಪರದೆ ಬಿಳಿ ಮಾಡಿಕೊಳ್ಳಿ. ಪೋಲರಾಯ್ಡ್ ತಂಪು ಕನ್ನಡಕವನ್ನು ಅದರ ಮುಂದೆ ಹಿಡಿದು ತಿರುಗಿಸಿ, ಪರದೆ ಕಪ್ಪಾಗುವ ಕಡೆ ನಿಲ್ಲಿಸಿ. ಈಗ ನಡುವೆ ಹರಳು ಹಿಡಿದು ನಿಧಾನ ತಿರುಗಿಸಿ. ಒಂದು ಸುತ್ತಿಗೆ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾದರೆ ಅದು ಬೆಳಕನ್ನು ಎರಡಾಗಿ ಸೀಳುವ ಕಲ್ಲು. ಟೋಪಾಜ್, ಬೆರಿಲ್, ಸ್ಫಟಿಕ ಮೂರೂ ಹಾಗೆ. ಗಾಜು, ಸ್ಪಿನೆಲ್ ಕಪ್ಪಾಗಿಯೇ ಉಳಿಯುತ್ತವೆ, ಇಲ್ಲವೆಂದರೆ ಅಲ್ಲಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಒಂದೇ ದಿಕ್ಕಿನಲ್ಲಿ ನೋಡಿ ಮುಗಿಸಬೇಡಿ, ಹರಳು ಮಗುಚಿಯೂ ನೋಡಿ.

ಕೊನೆಯ ಮಾತು ಲ್ಯಾಬಿನದೇ. ಬೆಂಗಳೂರಿನಲ್ಲಿ ರತ್ನ ಪರೀಕ್ಷೆಯ ಲ್ಯಾಬ್‌ಗಳಿವೆ. ಅವರು ಬೆಳಕು ಬಾಗುವ ಪ್ರಮಾಣ ಅಳೆಯುತ್ತಾರೆ. ಅಕ್ವಾಮರೀನ್ 1.58ರ ಹತ್ತಿರ, ಟೋಪಾಜ್ 1.61ರ ಮೇಲೆ. ಅಲ್ಲಿ ಗೊಂದಲವಿಲ್ಲ.

ಅಡಿಕೆಮನೆ ಸೊಸೆ · ಜುಲೈ 11, ಬೆಳಗ್ಗೆ 10:10

ನಾಲ್ಕು ಸಲ ಬೆಳಗಿತು. ಸ್ಪಿನೆಲ್ ಅಲ್ಲ. ಟೋಪಾಜೇ ಅಂತ ಕಾಣುತ್ತದೆ. ಹೇಗೆ ಹೇಳಲಿ ಇವರಿಗೆ? ಈಗ ಅತ್ತೆ ನಗಲು ಶುರು ಮಾಡಿದರೆ ಮತ್ತೆ ಮೂರು ದಿನ.

ಹೋಗಲಿ, ಉಂಗುರ ಬಿಚ್ಚಿಸುವುದು ಅಂತ ತೀರ್ಮಾನವಾಗಿದೆ. ಅಷ್ಟರಲ್ಲಿ ಆರೈಕೆ ಬಗ್ಗೆ ತಿಳಿಸಿ ಆಚಾರ್ರೇ. ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು ಅಂತ ಒಬ್ಬರು, ಟೂತ್‌ಪೇಸ್ಟ್ ಅಂತ ಇನ್ನೊಬ್ಬರು. ನಮ್ಮ ಮಳೆಗಾಲದ ಥಂಡಿಗೆ ಹರಳು ಹಾಳಾಗುತ್ತದಾ?

ಸಾಣೆ ಆಚಾರ್ · ಜುಲೈ 11, ಸಂಜೆ 7:00

ಥಂಡಿಗೆ ಹರಳಿಗೆ ಏನೂ ಆಗುವುದಿಲ್ಲ ತಂಗೀ. ಮಲೆನಾಡಿನಲ್ಲಿ ಹಾಳಾಗುವುದು ಅದರ ಸುತ್ತಲಿನದು. ಬೆಳ್ಳಿ ಕಪ್ಪಾಗುತ್ತದೆ, ಡಬ್ಬಿಯ ಮಖಮಲ್ಲಿಗೆ ಬೂಷ್ಟು ಹಿಡಿಯುತ್ತದೆ, ಒಳಗಿನ ತಗಡು ಕೊಳೆಯುತ್ತದೆ. ಆಷಾಢದಲ್ಲಿ ಬರುವ ರಿಪೇರಿಗಳಲ್ಲಿ ಅರ್ಧ ಇಂಥವೇ.

ಎಣ್ಣೆ ಕಥೆ ಪಚ್ಚೆಯದು. ಪಚ್ಚೆಯ ಬಿರುಕು ಕಾಣದಿರಲಿ ಅಂತ ಎಣ್ಣೆ ಕುಡಿಸುತ್ತಾರೆ. ಅಕ್ವಾಮರೀನ್ ಸಾಮಾನ್ಯವಾಗಿ ತಿಳಿಯಾದ ಹರಳು, ಅದಕ್ಕೆ ಎಣ್ಣೆ ಯಾಕೆ? ಹಚ್ಚಿದರೆ ಜಿಡ್ಡು ಕೂತು ಧೂಳು ಹಿಡಿದು ಮತ್ತೂ ಮಂಕಾಗುತ್ತದೆ ಅಷ್ಟೆ. ಎಷ್ಟೋ ಸಲ ಹರಳು ಮಂಕು ಅಂತ ತಂದದ್ದು ಅಡಿಯಲ್ಲಿ ಕೂತ ಜಿಡ್ಡು ತೆಗೆದರೆ ಸರಿಯಾಗಿದೆ. ಟೂತ್‌ಪೇಸ್ಟಿನಿಂದ ಹರಳಿಗಿಂತ ಚಿನ್ನಕ್ಕೆ ಗೀರು ಬೀಳುತ್ತದೆ. ಹುಣಸೆಹಣ್ಣು, ಬೂದಿ ಹಿತ್ತಾಳೆ ಪಾತ್ರೆಗೆ ಇರಲಿ.

ಹಿಂಭಾಗ ತೆರೆದ ಉಂಗುರವಾದರೆ ಉಗುರು ಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ ಹತ್ತು ನಿಮಿಷ ಬಿಡು. ಮಕ್ಕಳ ಮೆತ್ತನೆ ಬ್ರಶ್ಶಿನಿಂದ ಹರಳಿನ ಅಡಿಭಾಗ ತಿಕ್ಕು. ಎಲ್ಲರೂ ಮೇಲೆ ತಿಕ್ಕುತ್ತಾರೆ, ಕೊಳೆ ಇರುವುದು ಕೆಳಗೆ. ತೊಳೆಯುವಾಗ ಬಚ್ಚಲಿನ ತೂತಿಗೆ ಬಟ್ಟೆ ತುರುಕು! ನಮ್ಮ ಮನೆಯಲ್ಲೇ ಒಂದು ಮೂಗುಬೊಟ್ಟು ಹಾಗೆ ಹೋಗಿದೆ. ಅಂಟುವಾಳ ಚಿನ್ನಕ್ಕೆ ಒಳ್ಳೆಯದೇ, ಆದರೆ ಚೆನ್ನಾಗಿ ಸೋಸಿದ ನೀರಿರಲಿ, ಸಿಪ್ಪೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಸಿಯ ವಿಷಯದಲ್ಲಿ ಹುಷಾರಾಗಿರಬೇಕು. ಕುದಿಯುವ ನೀರಿಗೆ ಹಾಕಿ ತಕ್ಷಣ ತಣ್ಣೀರಿಗೆ ಹಾಕಿದರೆ ಒಳಗೆ ಬಿರುಕಿರುವ ಹರಳು ಸೀಳಬಹುದು. ಅಳತೆ ದೊಡ್ಡದು ಮಾಡಿಸಲು ಕೊಟ್ಟಾಗ ಹರಳು ಬಿಚ್ಚಿಯೇ ಬೆಂಕಿ ಹಿಡಿಯಬೇಕು ಅಂತ ಬಾಯಿ ಬಿಟ್ಟು ಹೇಳು. ಅಂಗಡಿಯಲ್ಲಿ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೂ ಬಿರುಕು, ಒಳಗೆ ನೀರಿನ ಗುಳ್ಳೆ ಇಲ್ಲ ಅಂತ ಖಚಿತವಾದರೆ ಮಾತ್ರ ಹಾಕಲಿ. ಹಬೆಯ ಯಂತ್ರ ಬೇಡವೇ ಬೇಡ.

ಇನ್ನು ಎಲ್ಲ ಒಡವೆ ಒಂದೇ ಡಬ್ಬಿಗೆ ಸುರಿಯುವ ಅಭ್ಯಾಸ ಬಿಡಿ. ವಜ್ರ, ಮಾಣಿಕ್ಯ, ನೀಲ ಮೂರೂ ಇದಕ್ಕಿಂತ ಗಟ್ಟಿ. ಉಜ್ಜಿದರೆ ಗೀರು ಬೀಳುವುದು ಇದಕ್ಕೇ. ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟರೆ ಸಾಕು. ಮೈಲುತುತ್ತ ಸುಣ್ಣ ಕಲಸುವಾಗ, ಅಡಿಕೆ ಸುಲಿಯುವಾಗ ಉಂಗುರ ತೆಗೆಯಲೇಬೇಕು. ಹರಳಿಗೆ ಔಷಧಿ ಏನೂ ಮಾಡುವುದಿಲ್ಲ, ಆದರೆ ಮೆಟ್ಟುಗತ್ತಿಗೆ ಒಂದು ಸಲ ತಾಗಿದರೆ ಅಂಚು ಹೋಯಿತು.

ಪಂಚಾಂಗಪ್ರಿಯ · ಜುಲೈ 11, ರಾತ್ರಿ 9:15

ಆಚಾರ್ರು ಹೇಳಿದ್ದು ಬರೆದಿಟ್ಟುಕೊಂಡೆ. ಇನ್ನೊಂದು, ಮಾರ್ಚ್‌ನಲ್ಲಿ ಹುಟ್ಟಿದವರಿಗೆ ಇದು ಆಗಿಬರುತ್ತದೆ ಅಂತಾರಲ್ಲ?

ಆಗುಂಬೆ ಮಳೆ · ಜುಲೈ 11, ರಾತ್ರಿ 9:40

1912ರಲ್ಲಿ ಅಮೆರಿಕದ ಒಡವೆ ವ್ಯಾಪಾರಿಗಳ ಸಂಘ ತಿಂಗಳಿಗೊಂದು ಹರಳು ಅಂತ ಪಟ್ಟಿ ಮಾಡಿತು. ಮಾರ್ಚ್‌ಗೆ ಇದು ಬಂದದ್ದು ಆ ಪಟ್ಟಿಯಿಂದ. ಯಾರ ಗ್ರಹಗತಿ ಸುಧಾರಿಸಿತು ಅಂತ ನಾನು ಹೇಳಬೇಕಾ?

ಅಡಿಕೆಮನೆ ಸೊಸೆ · ಜುಲೈ 21, ಸಂಜೆ 5:50

ಹತ್ತು ದಿನ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ನಿನ್ನೆ ತೀರ್ಥಹಳ್ಳಿಯಲ್ಲಿ ಉಂಗುರ ಬಿಚ್ಚಿಸಿದೆವು. ಅತ್ತೆ ಎದುರಿಗೇ ಕೂತಿದ್ದರು.

ಆಚಾರ್ರೇ, ನಿಮ್ಮ ಬಾಯಿಗೆ ಸಕ್ಕರೆ. ಅಡಿಯಲ್ಲಿ ನೀಲಿ ತಗಡೇ ಇತ್ತು! ಅರ್ಧ ಕಪ್ಪಾಗಿ, ಚೂರು ಚೂರಾಗಿ ಬಂತು. ಹರಳು ತೊಳೆದು ಬಿಳಿ ಕಾಗದದ ಮೇಲೆ ಇಟ್ಟರೆ ತಿಳಿ ನೀರು. ನೀಲಿ ಹೌದೋ ಅಲ್ಲವೋ ಅನ್ನುವಷ್ಟು. ಓರೆ ಮಾಡಿ ಒಂದು ದಿಕ್ಕಿನಿಂದ ನೋಡಿದರೆ ಸ್ವಲ್ಪ ನೀಲಿ, ಇನ್ನೊಂದು ದಿಕ್ಕಿನಿಂದ ಬಣ್ಣವೇ ಇಲ್ಲ. ಅತ್ತೆ "ಇಷ್ಟು ವರ್ಷ ನಾನು ಹಾಕಿದ್ದು ಇದನ್ನಾ?" ಅಂದರು. ಪಾಪ ಅನ್ನಿಸಿತು.

ತೂಕ 1.13 ಗ್ರಾಂ. ನೀರಿನಲ್ಲಿ ಎರಡು ಸಲ 0.42, ಎರಡು ಸಲ 0.41. ಸರಾಸರಿ 2.72.

ಇದು ಬಣ್ಣ ಇಳಿದು ಹೀಗಾಗಿದೆಯಾ ಅಥವಾ ಮೊದಲಿನಿಂದಲೂ ಹೀಗೇನಾ? ಇನ್ನೊಂದು, ಬೆಳಕಿಗೆ ಹಿಡಿದರೆ ಒಳಗೆ ತೆಳು ಗೆರೆಗಳಿವೆ, ಎಲ್ಲ ಒಂದೇ ಕಡೆಗೆ. ಬಿರುಕಾ?

ಬೆಣಚುಕಲ್ಲು · ಜುಲೈ 21, ಸಂಜೆ 6:30

ಭೇಷ್! ಒಂದು ದಿಕ್ಕಿಗೆ ನೀಲಿ, ಇನ್ನೊಂದಕ್ಕೆ ಬಣ್ಣವಿಲ್ಲ ಅಂದಿರಲ್ಲ, ಅದು ಅಕ್ವಾಮರೀನ್‌ನ ಗುಣವೇ. ಸಾಣೆ ಹಿಡಿಯುವವರು ಇದನ್ನು ನೋಡಿಕೊಂಡೇ ನೀಲಿ ಮೇಲೆ ಬರುವ ಹಾಗೆ ಕಲ್ಲು ಕತ್ತರಿಸುತ್ತಾರೆ.

ಗೆರೆಗಳು ಬಿರುಕಲ್ಲ. ಹರಳು ಬೆಳೆಯುವಾಗ ಉದ್ದಕ್ಕೂ ಉಳಿದ ಕೂದಲೆಳೆಯಂಥ ಕೊಳವೆಗಳು. ಕೆಲವು ಖಾಲಿ, ಕೆಲವದರಲ್ಲಿ ದ್ರವ. ರತ್ನ ಪರೀಕ್ಷಕರು ಇದಕ್ಕೆ ಕರೆಯುವುದೇ 'ಮಳೆ' ಅಂತ. ಬೆರಿಲ್‌ನಲ್ಲಿ ಸಾಮಾನ್ಯ. ಗಾಜಿನಲ್ಲಿ ಕಾಣುವುದು ದುಂಡು ಗುಳ್ಳೆ. ಈ ಕೊಳವೆಗಳು ತೀರಾ ದಟ್ಟವಾಗಿದ್ದು ಗುಮ್ಮಟದ ಹಾಗೆ ಸಾಣೆ ಹಿಡಿದರೆ ಬೆಕ್ಕಿನ ಕಣ್ಣಿನ ಅಕ್ವಾಮರೀನ್ ಆಗುತ್ತದೆ. ಇವು ಇರುವುದರಿಂದ ಅಲ್ಟ್ರಾಸೋನಿಕ್ ಯಂತ್ರಕ್ಕೆ ಹಾಕಿಸಬೇಡಿ.

ಬಣ್ಣ ಇಳಿದಿಲ್ಲ. ಅಕ್ವಾಮರೀನ್ ಬಣ್ಣ ಬಿಸಿಲಿಗೆ ಹೋಗುವುದಿಲ್ಲ. ಹೋಗುವುದು ಮಶೀಶಿ ಎಂಬ ಬೆರಿಲ್‌ದು. 1917ರಲ್ಲಿ ಮಿನಾಸ್ ಜೆರೈಸ್‌ನಲ್ಲೇ ಸಿಕ್ಕಿತು. ನೀಲಕ್ಕೆ ಸವಾಲು ಹಾಕುವಷ್ಟು ಗಾಢ, ಆದರೆ ಬೆಳಕಿನಲ್ಲಿಟ್ಟರೆ ಬಣ್ಣ ಹಾರಿಹೋಗುತ್ತದೆ. ಆಮೇಲೆ ತೆಳು ಬೆರಿಲ್‌ಗೆ ವಿಕಿರಣ ಕೊಟ್ಟು ಅಂಥದನ್ನೇ ಮಾಡಿ ಮಾರಿದರು. ನಿಮ್ಮದು ಮೊದಲಿನಿಂದಲೂ ತಿಳಿಯೇ ಇತ್ತು. ನೀಲಿ ಕಂಡದ್ದು ತಗಡಿನಿಂದ.

ಹಸಿರು ಛಾಯೆಯದನ್ನು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ ಹಳದಿ ಅಂಶ ಹೋಗಿ ಶುದ್ಧ ನೀಲಿ ಉಳಿಯುತ್ತದೆ. ವ್ಯಾಪಾರದಲ್ಲಿ ಎಲ್ಲರೂ ಒಪ್ಪಿದ ವಿಧಾನ, ಆ ಬಣ್ಣ ಶಾಶ್ವತ. ಆದರೆ ಇಲ್ಲದ ನೀಲಿ ಅದರಿಂದ ಬರುವುದಿಲ್ಲ. ದಯವಿಟ್ಟು ಒಲೆಗೆ ಹಾಕಬೇಡಿ.

ಆಗುಂಬೆ ಮಳೆ · ಜುಲೈ 21, ಸಂಜೆ 6:41

ಬ್ರೆಜಿಲ್‌ನ ಹರಳಿನಲ್ಲೂ ಮಳೆಯಾ! ತೀರ್ಥಹಳ್ಳಿಗೇ ಬರಬೇಕು ಅಂತ ಅದರ ಹಣೆಯಲ್ಲಿ ಬರೆದಿತ್ತು.

ಭದ್ರಾವತಿ ಹುಡುಗ · ಜುಲೈ 21, ರಾತ್ರಿ 7:20

ನಾನು ಕಾಯುತ್ತಿರುವುದು ಹರಳಿಗಲ್ಲ. ದೊಡ್ಡತ್ತೆಗೆ ಹೇಳಿದಿರಾ ಇಲ್ಲವಾ?

ಅಡಿಕೆಮನೆ ಸೊಸೆ · ಆಗಸ್ಟ್ 9, ಬೆಳಗ್ಗೆ 11:30

ಎರಡೂ ಹರಳು ಬೆಂಗಳೂರಿನ ಲ್ಯಾಬ್‌ಗೆ ಹೋಗಿ ಬಂದವು. ಅತ್ತೆಯದು ನೈಸರ್ಗಿಕ ಬೆರಿಲ್, ಅಕ್ವಾಮರೀನ್. ದೊಡ್ಡತ್ತೆಯದು ಟೋಪಾಜ್. ಕಾಗದ ಇಂಗ್ಲಿಷಿನಲ್ಲಿತ್ತು, ಆದ್ದರಿಂದ ನಾನೇ ಓದಿ ಹೇಳಬೇಕಾಯಿತು. ಓದಿದೆ. ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ಬಿಟ್ಟರೆ ಬೇರೇನಿಲ್ಲ.

ದೊಡ್ಡತ್ತೆಯೇ ಮೊದಲು ಮಾತಾಡಿದರು. "ಅವನಿಗೆ ಹದಿನೈದು ದಿನದ ಸಂಬಳ ಹೋಗಿತ್ತಂತೆ ಆ ಎರಡು ಕಲ್ಲಿಗೆ. ಅಂಗಡಿಯವನು ಅವನಿಗೂ ಹೇಳಿರಲಿಕ್ಕಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ, "ನಿನ್ನದು ಅಸಲಿ ಆಯ್ತಲ್ಲ, ಇನ್ನಾದರೂ ಪಾತ್ರೆ ತಿಕ್ಕುವಾಗ ತೆಗೆದಿಡು" ಅಂದರು. ಅತ್ತೆ ನಗಲಿಲ್ಲ. ನಾನು ಹೆದರಿದ್ದು ಸುಮ್ನೆ.

ಈಗ ಹೊಸ ತಾಪತ್ರಯ. ದೊಡ್ಡತ್ತೆಗೆ ತಮ್ಮ ಟೋಪಾಜ್ ಉಂಗುರವಾಗಬೇಕು. "ಡಬ್ಬಿಯಲ್ಲಿದ್ದದ್ದು ಸಾಕು, ಬಣ್ಣ ಚೆನ್ನಾಗಿದೆ, ನನಗದೇ ಇರಲಿ" ಅನ್ನುತ್ತಾರೆ. ಅತ್ತೆಗೆ ಅಸಲಿ ಹರಳು ಸೇರುತ್ತಿಲ್ಲ. ಮೊದಲಿನ ಹಾಗೆ ಅಡಿಯಲ್ಲಿ ನೀಲಿ ತಗಡು ಹಾಕಿಸು ಅಂತ ಕೂತಿದ್ದಾರೆ!

ಸಾಣೆ ಆಚಾರ್ · ಆಗಸ್ಟ್ 9, ಮಧ್ಯಾಹ್ನ 12:15

ತಗಡು ಹಾಕೋಣ, ಅದಕ್ಕೇನು. ಹಾಕಿದ ಮೇಲೆ ನೀರು ತಾಗಿಸುವಂತಿಲ್ಲ, ಅಷ್ಟು ಒಪ್ಪಿದರೆ ಸರಿ. ದೊಡ್ಡತ್ತೆಯವರದು ಹಿಂಭಾಗ ತೆರೆದೇ ಕೂರಿಸಬೇಕು. ಟೋಪಾಜ್ ಗಟ್ಟಿ, ಆದರೆ ಒಂದು ಕಡೆಗೆ ಸೌದೆ ಸೀಳಿದ ಹಾಗೆ ಸೀಳುತ್ತದೆ. ಒರಳಿಗೆ, ಕಟ್ಟೆಗೆ ಬಡಿಯದಂತೆ ಸುತ್ತ ಪಟ್ಟಿ ಕಟ್ಟಿದರೆ ಒಳ್ಳೆಯದು. ಚೌತಿ ಮುಗಿಸಿಕೊಂಡು ಎರಡನ್ನೂ ತನ್ನಿ, ಬೆರಳಿನ ಅಳತೆ ಬೆಳಗ್ಗೆ ತೆಗೆಯಬೇಡಿ, ಸಂಜೆ ತೆಗೆಯಿರಿ.

ಅಡಿಕೆಮನೆ ಸೊಸೆ · ಆಗಸ್ಟ್ 9, ಮಧ್ಯಾಹ್ನ 12:40

ನೀರು ತಾಗಿಸುವಂತಿಲ್ಲ ಅಂತ ಅತ್ತೆಗೆ ಹೇಳಿದೆ. "ಹಾಗಾದರೆ ಪಾತ್ರೆ ನೀನೇ ತೊಳಿ" ಅಂದರು.